21ನೇ ದಿನದ ಪ್ರೊಜೆಸ್ಟರಾನ್ 0.8 ಬಂದಿದೆ, ಅಂಡ ಬಿಡುಗಡೆಯೇ ಆಗುತ್ತಿಲ್ಲವಾ?

ಪ್ರಶ್ನೆ: ವಯಸ್ಸು 29. ಮುಟ್ಟು 34–36 ದಿನಕ್ಕೊಮ್ಮೆ. 21ನೇ ದಿನ ರಕ್ತ ಕೊಟ್ಟಾಗ ಪ್ರೊಜೆಸ್ಟರಾನ್ 0.8 ನ್ಯಾನೊಗ್ರಾಂ ಬಂತು. ಲ್ಯಾಬ್‌ನವರು ‘ಅಂಡ ಬಿಡುಗಡೆ ಆಗ್ತಿಲ್ಲ’ ಅಂದರು. ಮಾತ್ರೆ ಶುರು ಮಾಡಬೇಕಾ ಮೇಡಂ?

ಉತ್ತರ (ಸ್ತ್ರೀರೋಗ ತಜ್ಞೆ): ಇದೊಂದು ರಿಪೋರ್ಟ್ ನೋಡಿ ಏನನ್ನೂ ಶುರು ಮಾಡಬೇಡಿ. ರಕ್ತ ಕೊಟ್ಟ ದಿನವೇ ತಪ್ಪಿದೆ. ‘21ನೇ ದಿನ’ ಎನ್ನುವುದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. ಅದನ್ನು ಎಲ್ಲರಿಗೂ ಬರೆದುಕೊಡುವ ರೂಢಿ ಬಿದ್ದುಬಿಟ್ಟಿದೆ.

ಚಕ್ರ ಉದ್ದವಾದಾಗ ಹಿಗ್ಗುವುದು ಅಂಡ ಬಲಿಯುವ ಮೊದಲ ಭಾಗ. ಅಂಡ ಹೊರಬಿದ್ದ ಮೇಲಿನ ಭಾಗ ಹೆಚ್ಚಿನವರಲ್ಲಿ ಸುಮಾರು ಎರಡು ವಾರವೇ. ಅಂಡ ಬಿಟ್ಟುಕೊಟ್ಟ ಫಾಲಿಕಲ್ (ಅಂಡ ಬೆಳೆಯುವ ಪುಟ್ಟ ಚೀಲ) ಕಾರ್ಪಸ್ ಲೂಟಿಯಮ್ ಎಂಬ ತಾತ್ಕಾಲಿಕ ಗ್ರಂಥಿಯಾಗಿ ಪ್ರೊಜೆಸ್ಟರಾನ್ ಹಾರ್ಮೋನ್ ತಯಾರಿಸುತ್ತದೆ. ಗರ್ಭ ನಿಲ್ಲದಿದ್ದರೆ ಅದು ತಾನಾಗಿ ಬತ್ತುತ್ತದೆ, ಪ್ರೊಜೆಸ್ಟರಾನ್ ಕುಸಿಯುತ್ತದೆ, ಗರ್ಭಕೋಶದ ಒಳಪದರ ಕಳಚಿ ಮುಟ್ಟಾಗುತ್ತದೆ. 35 ದಿನದ ಚಕ್ರದಲ್ಲಿ ಅಂಡ ಹೊರಬೀಳುವುದೇ ಸುಮಾರು 21ನೇ ದಿನ. ಅವತ್ತು ಪ್ರೊಜೆಸ್ಟರಾನ್ ಇನ್ನೂ ಏರಿರುವುದಿಲ್ಲ.

ಮುಂದಿನ ಮುಟ್ಟು ಬರಬೇಕಾದ ದಿನಕ್ಕೆ 7 ದಿನ ಮುಂಚೆ ರಕ್ತ ಕೊಡಿ, ಅಂದರೆ ನಿಮಗೆ 28ನೇ ದಿನ. ಆಮೇಲೆ ಯಾವಾಗ ಮುಟ್ಟಾಯಿತು ಅಂತ ಬರೆದಿಟ್ಟುಕೊಳ್ಳಿ, ಲೆಕ್ಕ ಸರಿಯಾಗಿತ್ತೋ ಇಲ್ಲವೋ ಗೊತ್ತಾಗುವುದು ಆಗಲೇ. 3ಕ್ಕಿಂತ ಹೆಚ್ಚಿದ್ದರೆ ಅಂಡೋತ್ಪತ್ತಿ ಆಗಿದೆ. ಪ್ರೊಜೆಸ್ಟರಾನ್ ರಕ್ತಕ್ಕೆ ಅಲೆಅಲೆಯಾಗಿ ಬರುವುದರಿಂದ ಒಬ್ಬರದು 8, ಇನ್ನೊಬ್ಬರದು 15 ಅಂತ ಹೋಲಿಸಿ ಚಿಂತೆ ಮಾಡಬೇಕಿಲ್ಲ.

ಅದೇ ಪ್ರಶ್ನೆ ಮುಂದುವರಿದು: ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಎಲ್‌ಎಚ್ ಕಿಟ್ ಸಾಕಾ?

ಉತ್ತರ: ನಿಮಗೆ ಉಪಯೋಗವಿದೆ. ಅಂಡ ಹೊರಬೀಳುವ ಮುಂಚೆ ಏರುವ ಎಲ್‌ಎಚ್ ಹಾರ್ಮೋನನ್ನು ಇದು ಮೂತ್ರದಲ್ಲಿ ಪತ್ತೆ ಹಚ್ಚುತ್ತದೆ. ಅತಿ ಚಿಕ್ಕ ಚಕ್ರದ ದಿನಗಳಲ್ಲಿ 17 ಕಳೆಯಿರಿ: 34ರಲ್ಲಿ 17 ಹೋದರೆ 17. ಆ ದಿನದಿಂದ ದಿನಾ ಒಂದೇ ಹೊತ್ತಿಗೆ ನೋಡಿ. ಅದಕ್ಕೆ ಮುಂಚೆ ಎರಡು ಗಂಟೆ ನೀರು ಕಡಿಮೆ ಕುಡಿಯಿರಿ. ಮೂತ್ರ ತೆಳುವಾದರೆ ಗೆರೆ ಮಂಕಾಗುತ್ತದೆ. ಎರಡನೇ ಗೆರೆ ಮೊದಲನೆಯದರಷ್ಟೇ ಅಥವಾ ಅದಕ್ಕಿಂತ ಗಾಢವಾದರೆ ಮಾತ್ರ ಪಾಸಿಟಿವ್. ಅಲ್ಲಿಂದ ಸಾಮಾನ್ಯವಾಗಿ 24–36 ಗಂಟೆಯೊಳಗೆ ಅಂಡ ಹೊರಬೀಳುತ್ತದೆ. ಆದರೆ ಗೆರೆಗಾಗಿ ಕಾಯುತ್ತಾ ಕೂರಬೇಡಿ: ವೀರ್ಯಾಣು ಒಳಗೆ 5 ದಿನದವರೆಗೂ ಬದುಕಬಲ್ಲದು, ಅಂಡದ ಆಯಸ್ಸು ಒಂದೇ ದಿನ. ಗೆರೆ ಮೂಡುವ ಮುಂಚಿನ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇರುವವರಲ್ಲಿ ಎಲ್‌ಎಚ್ ಸದಾ ಏರಿಯೇ ಇರಬಹುದು. ಅವರಿಗೆ ಕಿಟ್ ಸುಳ್ಳು ಹೇಳುತ್ತದೆ, ಸ್ಕ್ಯಾನ್ ಮೇಲು.

ಪ್ರಶ್ನೆ: 36 ವರ್ಷ. ಮುಟ್ಟಿನ 2ನೇ ದಿನದ ಎಫ್‌ಎಸ್‌ಎಚ್ 6.8, ಎಎಂಎಚ್ 1.1. ಎಫ್‌ಎಸ್‌ಎಚ್ ನಾರ್ಮಲ್ ಅಂತ ನೆಮ್ಮದಿಯಾಗಿರಬಹುದಾ?

ಉತ್ತರ (ಸ್ತ್ರೀರೋಗ ತಜ್ಞೆ): ಅದೇ ದಿನ ಎಸ್ಟ್ರಾಡಿಯೋಲ್ (ಅಂಡಾಶಯದ ಹಾರ್ಮೋನ್) ಮಾಡಿಸಿದ್ದೀರಾ? ಇಲ್ಲದಿದ್ದರೆ 6.8ಕ್ಕೆ ಅರ್ಧ ಬೆಲೆ. ಅಂಡಾಶಯ ಸೊರಗಿದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅದನ್ನು ಚುರುಕುಗೊಳಿಸುವ ಎಫ್‌ಎಸ್‌ಎಚ್ ಹಾರ್ಮೋನ್ ಹೆಚ್ಚಿಸುತ್ತದೆ. ಆದರೆ ಎಸ್ಟ್ರಾಡಿಯೋಲ್ ಮುಂಚೆಯೇ ಏರಿದ್ದರೆ, ಉದಾಹರಣೆಗೆ 80 ಪಿಕೊಗ್ರಾಂ ದಾಟಿದ್ದರೆ, ಅದು ಪಿಟ್ಯುಟರಿಯನ್ನು ಅದುಮಿ ಎಫ್‌ಎಸ್‌ಎಚ್ ಚೆನ್ನಾಗಿರುವಂತೆ ತೋರಿಸುತ್ತದೆ. ಎರಡನ್ನೂ 2–4ನೇ ದಿನದೊಳಗೆ ಒಟ್ಟಿಗೆ ಮಾಡಿಸಿ. ಎಎಂಎಚ್ ಯಾವ ದಿನವಾದರೂ ಸರಿ. ಅದು ಹೇಳುವುದು ಅಂಡಗಳ ದಾಸ್ತಾನು ಎಷ್ಟಿದೆ ಎಂದಷ್ಟೇ, ಗುಣಮಟ್ಟವನ್ನಲ್ಲ. 35 ದಾಟಿದವರು 6 ತಿಂಗಳು ಪ್ರಯತ್ನಿಸಿ ಫಲ ಸಿಗದಿದ್ದರೆ, ನಂಬರ್ ಏನೇ ಇರಲಿ, ವೈದ್ಯರನ್ನು ಕಾಣಬೇಕು.

ಪ್ರಶ್ನೆ: ಪ್ರೊಲ್ಯಾಕ್ಟಿನ್ 41. ತಲೆಯ ಎಂಆರ್‌ಐ ಮಾಡಿಸಲೇಬೇಕಾ ಸರ್?

ಉತ್ತರ (ಲ್ಯಾಬ್ ವೈದ್ಯರು): ಮೊದಲು ಮನೆಯ ಮಾತ್ರೆ ಡಬ್ಬಿ ನೋಡಿ. ಗ್ಯಾಸ್‌ಗೆಂದು ಬೆಳಿಗ್ಗೆ ನುಂಗುವ ಕ್ಯಾಪ್ಸೂಲ್‌ನಲ್ಲಿ ಡೊಂಪೆರಿಡೋನ್ ಇದೆಯಾ? ಇದ್ದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಬಿಡುವ ಪಿಟ್ಯುಟರಿ ಗ್ರಂಥಿಗೆ ಬ್ರೇಕ್ ಹಾಕುವುದು ಮೆದುಳಿನ ಡೋಪಮಿನ್, ಡೊಂಪೆರಿಡೋನ್ ಆ ಬ್ರೇಕನ್ನು ಸಡಿಲಿಸುತ್ತದೆ. ಕೆಲವು ಮಾನಸಿಕ ಕಾಯಿಲೆಯ ಔಷಧಿಗಳೂ ಹಾಗೆಯೇ. ಅವನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಥೈರಾಯ್ಡ್ ಕಡಿಮೆಯಾದರೂ ಏರುತ್ತದೆ, ಹಾಗಾಗಿ ಟಿಎಸ್‌ಎಚ್ ಜೊತೆಗಿರಲಿ. ಮತ್ತೆ ರಕ್ತ ಕೊಡುವಾಗ ಎದ್ದು ಎರಡು–ಮೂರು ಗಂಟೆ ಕಳೆದಿರಲಿ, ಲ್ಯಾಬ್‌ನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತಿರಿ. ಆಗಲೂ ಏರಿದ್ದರೆ ಮ್ಯಾಕ್ರೊಪ್ರೊಲ್ಯಾಕ್ಟಿನ್ (ಸಾಮಾನ್ಯವಾಗಿ ತೊಂದರೆ ಕೊಡದ, ದೊಡ್ಡ ಗಾತ್ರದ ಪ್ರೊಲ್ಯಾಕ್ಟಿನ್) ನೋಡಿಸಿ. ಪಿಟ್ಯುಟರಿಯಲ್ಲಿ ಗೆಡ್ಡೆ ಇದೆಯಾ ಎಂದು ನೋಡುವ ಎಂಆರ್‌ಐ ಮಾತು ಅದರ ನಂತರ. ತಲೆನೋವು, ದೃಷ್ಟಿ ಮಂಜಾಗುವುದು ಇದ್ದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಕೂದಲಿಗೆಂದು ಬಯೋಟಿನ್ ತಿನ್ನುವವರಿಗೂ ಒಂದು ಮಾತು. 5–10 ಮಿಲಿಗ್ರಾಂ ಮಾತ್ರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್, ಎಫ್‌ಎಸ್‌ಎಚ್ ಅನ್ನು ಸುಳ್ಳುಸುಳ್ಳೇ ಇಳಿಸಿ, ಪ್ರೊಜೆಸ್ಟರಾನ್, ಟೆಸ್ಟೊಸ್ಟೆರಾನ್ ಅನ್ನು ಏರಿಸಿ ತೋರಿಸುತ್ತದೆ. ಎರಡು–ಮೂರು ದಿನ ಬಿಟ್ಟು ರಕ್ತ ಕೊಡಿ.

ಪ್ರಶ್ನೆ: ಜಿಮ್‌ನಲ್ಲಿ ಹೇಳಿದಂತೆ 8 ತಿಂಗಳು ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತಗೊಂಡೆ. ರಕ್ತದಲ್ಲಿ ಟೆಸ್ಟೊಸ್ಟೆರಾನ್ ಜಾಸ್ತಿ ಇದೆ, ಆದರೂ ವೀರ್ಯ ಪರೀಕ್ಷೆಯಲ್ಲಿ ಕೌಂಟ್ ಸೊನ್ನೆ. ಇದು ಹೇಗೆ?

ಉತ್ತರ (ಆಂಡ್ರಾಲಜಿ ತಜ್ಞರು): ‘ಆದರೂ’ ಅಲ್ಲ, ‘ಆದ್ದರಿಂದಲೇ’. ಹೊರಗಿನ ಹಾರ್ಮೋನ್ ಕಂಡ ಮೆದುಳು ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನು ನಿಲ್ಲಿಸುತ್ತದೆ. ವೀರ್ಯಾಣು ತಯಾರಾಗಲು ವೃಷಣದ ಒಳಗೇ, ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಟೆಸ್ಟೊಸ್ಟೆರಾನ್ ಬೇಕು. ಎಲ್‌ಎಚ್ ಇಲ್ಲದೆ ಅದು ತಯಾರಾಗುವುದಿಲ್ಲ, ಚುಚ್ಚುಮದ್ದಿನಿಂದ ಆ ಮಟ್ಟ ತುಂಬುವುದೂ ಇಲ್ಲ. ವೃಷಣ ಕುಗ್ಗುವುದೂ ಇದಕ್ಕೇ.

ಇಂಜೆಕ್ಷನ್ ನಿಲ್ಲಬೇಕು, ವೈದ್ಯರ ಕಣ್ಣೆದುರಲ್ಲಿ. ನಿಲ್ಲಿಸಿದ ಮೇಲೆ ಕೆಲವು ಕಾಲ ಸುಸ್ತು, ಬೇಸರ, ನಿರಾಸಕ್ತಿ ಕಾಡುತ್ತದೆ. ಅದನ್ನು ತಾಳಲಾರದೆ ಮತ್ತೆ ಚುಚ್ಚಿಸಿಕೊಳ್ಳುವವರೇ ಬಹಳ. ಅಗತ್ಯವಿದ್ದರೆ ವೃಷಣವನ್ನು ಮತ್ತೆ ಚುರುಕುಗೊಳಿಸಲು ಎಚ್‌ಸಿಜಿ ಅಥವಾ ಕ್ಲೋಮಿಫೀನ್ ಎಂಬ ಔಷಧಿ ಕೊಡುತ್ತಾರೆ. ಒಂದು ವೀರ್ಯಾಣು ಬಲಿಯಲು ಎರಡೂವರೆ ತಿಂಗಳು ಬೇಕು, ಹಾಗಾಗಿ 3 ತಿಂಗಳಿಗೆ ಮುಂಚೆ ಮರುಪರೀಕ್ಷೆಯಿಂದ ಹೆಚ್ಚೇನೂ ತಿಳಿಯದು. ಹೆಚ್ಚಿನವರಲ್ಲಿ 6–12 ತಿಂಗಳಿಗೆ ಕೌಂಟ್ ಮರಳುತ್ತದೆ, ಕೆಲವರಿಗೆ 2 ವರ್ಷ ಹಿಡಿಯುತ್ತದೆ. ಹಿಂದಿನ ವೀರ್ಯಸ್ಖಲನಕ್ಕೂ ಸ್ಯಾಂಪಲ್‌ಗೂ 2–7 ದಿನದ ಅಂತರ ಇರಲಿ. ಮನೆಯಿಂದ ತರುವುದಾದರೆ ಡಬ್ಬಿಯನ್ನು ಮೈಗೆ ತಾಗಿಸಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಿ. ಮೊದಲ ಹನಿಗಳು ಚೆಲ್ಲಿದ್ದರೆ ಹೇಳಿಬಿಡಿ, ವೀರ್ಯಾಣು ಹೆಚ್ಚಿರುವುದು ಅದರಲ್ಲೇ.