ಲ್ಯಾಬ್‌ಗಳೆಲ್ಲ ಸೇರಿ ಒಕ್ಕೂಟ ಕಟ್ಟಿದರೆ ಅದಕ್ಕೆ ಕೆಲಸ ಏನು?

ತೊಟ್ಟಿಮನೆ (ಪ್ರಶ್ನೆ):
ಹಾಸನ, ಚಿಕ್ಕಮಗಳೂರು ಎರಡೂ ಕಡೆಯ ಮಣ್ಣು-ಕಾಫಿ ಪರೀಕ್ಷೆಯ ಐದಾರು ಖಾಸಗಿ ಲ್ಯಾಬ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್, ಒಣಗಿಸೋ ಡ್ರೈಯರ್ ವಿನ್ಯಾಸ ಮಾಡೋ ಎರಡು ಸಂಸ್ಥೆ, ಒಂದು ಕಾಲೇಜಿನ ಸಂಶೋಧನಾ ವಿಭಾಗ ಸೇರಿ ಒಕ್ಕೂಟ ಮಾಡೋ ಮಾತಿದೆ. ದಕ್ಷಿಣ ಭಾರತದ ತೋಟದ ಬೆಳೆಗಾರರಿಗೆ ಉಪಾಸಿ ಸಂಘ ಇದ್ದ ಹಾಗೆ ಅಂತಾರೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇರುವಾಗ ಇದು ಯಾಕೆ ಬೇಕು?

ಹೇಮಾವತಿ ದಂಡೆ:
ಉಪಾಸಿ ಹೋಲಿಕೆಯಲ್ಲೇ ಗೊಂದಲ ಇದೆ ಸಾರ್. 1893ರ ಉಪಾಸಿ ಬೆಳೆಗಾರರ ಸಂಘ, ಚಹಾ ಸಂಶೋಧನೆಗೆ ಅದೇ ಪ್ರತಿಷ್ಠಾನ ಕಟ್ಟಿತು. ಅಹಮದಾಬಾದಿನ ಅಟಿರಾ ಕೂಡ ಬಟ್ಟೆ ಗಿರಣಿಗಳು ಸೇರಿ ಮಾಡಿಕೊಂಡ ಸಂಶೋಧನಾ ಸಂಸ್ಥೆ. ನೀವು ಹೇಳ್ತಿರೋದು ತಿರುಗುಮುರುಗು: ಸಂಶೋಧನಾ ಸಂಸ್ಥೆಗಳದೇ ಸಂಘ. ಇದಕ್ಕೆ ಸರಿಯಾದ ಮಾದರಿ ಬ್ರಸೆಲ್ಸ್‌ನ ಇಯರ್ಟೊ, ಯುರೋಪಿನ ಸಂಶೋಧನಾ ಸಂಸ್ಥೆಗಳ ಸಂಘ, 1999ರಲ್ಲಿ ಶುರುವಾದದ್ದು. ಜರ್ಮನಿಯ ಫ್ರಾನ್‌ಹೋಫರ್, ನೆದರ್ಲೆಂಡ್ಸ್‌ನ ಟಿಎನ್‌ಒ, ಫಿನ್ಲೆಂಡಿನ ವಿಟಿಟಿ ಅದರ ಸದಸ್ಯರು. ಸಂಶೋಧನೆ ಸದಸ್ಯರದು, ಅನುದಾನದ ನಿಯಮ ಬರೆಯುವ ಮೇಜಿನ ಮುಂದೆ ಎಲ್ಲರ ಪರವಾಗಿ ಕೂರೋದು ಸಂಘದ್ದು. ಬಾಳೆಹೊನ್ನೂರಿಗೂ ಇದಕ್ಕೂ ಪೈಪೋಟಿಯೇ ಇಲ್ಲ.

ಒಂಟಿ ಲ್ಯಾಬ್ ಕೈಲಿ ಆಗದ್ದನ್ನಷ್ಟೇ ಒಕ್ಕೂಟ ಹಿಡಿಯಲಿ. ಮಾದರಿ ಒಪ್ಪಂದಪತ್ರ ಒಂದು: ಮೊದಲೇ ಇದ್ದ ವಿನ್ಯಾಸ ಯಾರದ್ದು, ಯೋಜನೆಯಲ್ಲಿ ಹುಟ್ಟಿದ್ದು ಯಾರದ್ದು, ಮೂಲಮಾದರಿ ಕೈಕೊಟ್ಟರೆ ಖರ್ಚು ಯಾರ ತಲೆಗೆ. ಯಾರ ಹತ್ತಿರ ಯಾವ ಉಪಕರಣ ಇದೆ ಅನ್ನೋ ಪಟ್ಟಿ ಇನ್ನೊಂದು. ಪ್ರಯೋಗಾಲಯದಲ್ಲಿ ಓಡಿದ ಡ್ರೈಯರ್ ತೋಟದಲ್ಲಿ ಓಡೋ ಹಂತಕ್ಕೆ ಬರೋವರೆಗೆ ಹಣ ಕೊಡೋರು ಕಡಿಮೆ. ಆ ನಡುವಿನ ಹಂತಕ್ಕೆ ಅನುದಾನ ಬೇಕು ಅಂತ ಒಬ್ಬೊಬ್ಬರೇ ಅರ್ಜಿ ಹಾಕಿದರೆ ಯಾರು ಕೇಳ್ತಾರೆ?

ಕಣದ ಕಾಫಿ:
ನನ್ನ ಕೇಳಿದರೆ ಮೊದಲ ಕೆಲಸ ಲ್ಯಾಬ್-ಲ್ಯಾಬ್ ಹೋಲಿಕೆ. ಒಂದೇ ಚೀಲದ ಕಾಫಿಗೆ ಒಬ್ಬರು ತೇವಾಂಶ ಶೇ. 10 ಅಂತಾರೆ, ಇನ್ನೊಬ್ಬರು 11.5. ಕಣದಿಂದ ಬಿಸಿಯಾಗಿ ತಂದ ಬೀಜವನ್ನೇ ಮೀಟರ್‌ಗೆ ಸುರಿಯೋದು, ಅರೇಬಿಕಾ ಸೆಟ್ಟಿಂಗ್‌ನಲ್ಲಿ ರೊಬಸ್ಟಾ ಅಳೆಯೋದು, ಎರಡೂ ಇದಕ್ಕೆ ಕಾರಣ. ಮೀಟರ್ ಓದನ್ನು, ಬೀಜ ಒಣಗಿಸಿ ಇಳಿದ ತೂಕದಿಂದ ತೇವ ಲೆಕ್ಕ ಹಾಕೋ ಓವನ್ ವಿಧಾನಕ್ಕೆ ತಾಳೆ ಹಾಕಬೇಕು: ಐಎಸ್‌ಒ 6673, 105 ಡಿಗ್ರಿ, 16 ಗಂಟೆ.

ಒಂದೇ ಲಾಟ್ ಚೆನ್ನಾಗಿ ಬೆರೆಸಿ ಗಾಳಿಯಾಡದ ಪೊಟ್ಟಣಗಳಲ್ಲಿ ಸೀಲ್ ಮಾಡಿ. ಲ್ಯಾಬ್‌ಗಳಿಗೆ ಹಂಚೋ ಮೊದಲು 10 ಪೊಟ್ಟಣ ತೆಗೆದು ತಲಾ ಎರಡು ಸಲ ಅಳೆದು, ಎಲ್ಲವೂ ಒಂದೇ ತೆರನಾಗಿವೆಯಾ ನೋಡಿ. ಆಮೇಲೆ ಪ್ರತಿ ಲ್ಯಾಬಿನ ಫಲಿತಾಂಶ ಸರಿ ಮೌಲ್ಯದಿಂದ ಎಷ್ಟು ದೂರ ಅಂತ ಹೇಳೋ ಝಡ್ ಅಂಕ ನೋಡಿ: 2ರೊಳಗಿದ್ದರೆ ಸರಿ, 3 ದಾಟಿದರೆ ತಪ್ಪು. ಆದರೆ ಐದಾರೇ ಲ್ಯಾಬ್ ಇದ್ದಾಗ ನಿಮ್ಮ ಸರಾಸರಿಯನ್ನೇ ಸತ್ಯ ಅಂತ ಹಿಡಿಯಬೇಡಿ. ಇಬ್ಬರು ತಪ್ಪಿದರೂ ಸರಾಸರಿ ಅವರ ಕಡೆ ವಾಲುತ್ತೆ. ಹೊರಗಿನ ಮಾನ್ಯ ಲ್ಯಾಬಿನಿಂದ ಉಲ್ಲೇಖ ಮೌಲ್ಯ ತರಿಸಿ. ಮತ್ತೆ, ಇದು ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಎನ್‌ಎಬಿಎಲ್‌ಗೆ ತೋರಿಸಬೇಕಾದ ಪ್ರಾವೀಣ್ಯ ಪರೀಕ್ಷೆಗೆ ಬದಲಿ ಅಲ್ಲ. ಆ ಪರೀಕ್ಷೆ ನಡೆಸೋರಿಗೆ ಐಎಸ್‌ಒ 17043 ಮಾನದಂಡದ ಮಾನ್ಯತೆ ಬೇಕು.

ಬೈಲಾ ಭಟ್ಟ:
ನೋಂದಣಿ ಕಷ್ಟವಲ್ಲ ಮಾರಾಯ್ರೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಏಳು ಜನ ಸಾಕು. ಆಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ಸಮಿತಿಯ ಪಟ್ಟಿ ಸಲ್ಲಿಕೆ. ಸಂಘಗಳು ಸೊರಗೋದು ಇಲ್ಲೇ.

ಬೈಲಾದಲ್ಲಿ ಎರಡು ಮಾತು ಖಡಾಖಂಡಿತ ಇರಲಿ. ಶುಲ್ಕ ವಹಿವಾಟಿನ ಪ್ರಕಾರ ಬೇರೆಯಾದರೂ ಓಟು ತಲೆಗೊಂದೇ. ಇಲ್ಲದಿದ್ದರೆ ದೊಡ್ಡ ಸದಸ್ಯನ ಕೈಗೆ ಒಕ್ಕೂಟ ಹೋಗುತ್ತೆ. ಸದಸ್ಯರು ಹಾಕೋ ಟೆಂಡರಿಗೆ ಒಕ್ಕೂಟವೇ ಬಿಡ್ ಹಾಕಬಾರದು. ಸಂಬಳದ ಸಿಬ್ಬಂದಿ ಬಂದ ಮೇಲೆ ಆದಾಯದ ಆಸೆಗೆ ಇದೇ ಮೊದಲ ಜಾರು.

ಇನ್ನು ದರ. "ತೇವಾಂಶ ಪರೀಕ್ಷೆಗೆ ಎಲ್ಲರೂ ಇಷ್ಟೇ ತಗೊಳ್ಳಿ" ಅಂತ ವಾಟ್ಸಾಪ್ ಗುಂಪಲ್ಲಿ ಹಾಕಿದರೂ ಸ್ಪರ್ಧಾ ಕಾಯ್ದೆ 2002ರ 3ನೇ ಕಲಮಿನಡಿ ಸಿಕ್ಕಿಬೀಳ್ತೀರಿ.

ತೊಟ್ಟಿಮನೆ:
ಹೋಲಿಕೆ ಪರೀಕ್ಷೆಗೆ ಯಾವ ಕಾಲ ಒಳ್ಳೇದು?

ಕಣದ ಕಾಫಿ:
ಕೊಯ್ಲು ಮುಗಿಯೋ ಫೆಬ್ರವರಿ-ಮಾರ್ಚ್. ಮಳೆಗಾಲ ಬೇಡ, ಪೊಟ್ಟಣ ಬಿಚ್ಚಿ ಅರ್ಧ ದಿನ ಇಟ್ಟರೂ ಬೀಜ ತೇವ ಎಳೆಯುತ್ತೆ. ಎಲ್ಲರೂ ಒಂದೇ ದಿನ ಬಿಚ್ಚಲಿ, ಬಿಚ್ಚಿದ ಕೂಡಲೇ ತೂಗಲಿ.