ಅಲಾಸ್ಕಾ ಹಡಗಿನಲ್ಲಿ ಅತ್ತೆಗೆ ಬೆಳಗಿನ ಕಾಫಿ: ಹೋಗಿಬಂದವರು ಹೇಳಿ

ಮೈಸೂರಿನಿಂದ, ಪ್ರಶ್ನೆ

ಜುಲೈನಲ್ಲಿ ಸಿಯಾಟಲ್‌ಗೆ, ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಅವಳು ನಮ್ಮನ್ನು ಏಳು ದಿನದ ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಾಳಂತೆ. ನಾನು, ನಮ್ಮ ಯಜಮಾನರು, ಜೊತೆಗೆ 78 ವರ್ಷದ ಅತ್ತೆ. ಅತ್ತೆಗೆ ಊಟ ಹೇಗಿದ್ದರೂ ನಡೆಯುತ್ತದೆ. ಬೆಳಗ್ಗೆ ಐದೂವರೆಗೆ ಒಂದು ಲೋಟ ಫಿಲ್ಟರ್ ಕಾಫಿ ಮಾತ್ರ ಆಗಲೇಬೇಕು. ಅದು ತಪ್ಪಿದರೆ ಹತ್ತು ಗಂಟೆ ಹೊತ್ತಿಗೆ ತಲೆನೋವು ಬಂದು ಮಲಗಿಬಿಡುತ್ತಾರೆ. ಹಡಗಿನ ಕಾಫಿ ಬರೀ ಕಪ್ಪು ನೀರು ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಕರೆಂಟ್ ಕೆಟಲ್ ತೆಗೆದುಕೊಂಡು ಹೋಗುವ ಹಾಗಿಲ್ಲವಂತೆ. ಹೋಗಿಬಂದವರು ಏನು ಮಾಡಿದಿರಿ? ದಯವಿಟ್ಟು ಹೇಳಿ.

ಕ್ಯಾಲಿಫೋರ್ನಿಯಾದಿಂದ

ಮೇಡಂ, ಹೋದ ವರ್ಷ ಜುಲೈನಲ್ಲೇ ಅಪ್ಪ, ಅಮ್ಮನನ್ನು ಇದೇ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೆ. ಸಿಯಾಟಲ್‌ನಿಂದ ಹೊರಟು ಜೂನೋ, ಸ್ಕ್ಯಾಗ್ವೇ, ಕೆಚಿಕನ್ ನೋಡಿಕೊಂಡು ವಾಪಸ್. ನಿಮ್ಮ ಪ್ರಶ್ನೆ ಓದಿ ನಮ್ಮ ಮೊದಲ ಬೆಳಗ್ಗೆ ನೆನಪಾಯಿತು. ಬಫೆಯಲ್ಲಿ ಮಷೀನಿನಿಂದ ಕಾಫಿ ಹಿಡಿದು, ಪಕ್ಕದಲ್ಲಿದ್ದ ಪುಟ್ಟ ಕ್ರೀಮ್ ಡಬ್ಬಿ ಎರಡು ಸುರಿದು ಅಮ್ಮನಿಗೆ ಕೊಟ್ಟೆ. ಒಂದು ಗುಟುಕು ಕುಡಿದು ಕಪ್ ಕೆಳಗಿಟ್ಟರು. ಏನೂ ಹೇಳಲಿಲ್ಲ. ಸುಮ್ಮನೆ ಸಮುದ್ರ ನೋಡುತ್ತ ಕೂತರು. ನನಗೆ ತುಂಬಾ ಬೇಜಾರಾಯಿತು. ಮೂರನೇ ದಿನದ ಹೊತ್ತಿಗೆ ದಾರಿ ಸಿಕ್ಕಿತು. ನಿಮಗೆ ಮೊದಲ ದಿನದಿಂದಲೇ ಸಿಗಲಿ ಅಂತ ಎಲ್ಲವನ್ನೂ ಬರೆಯುತ್ತೇನೆ.

ನನಗೆ ಗೊತ್ತಾಗಿದ್ದು ಇಷ್ಟು: ಹಡಗಿನಲ್ಲಿ ನಮಗೆ ತೊಂದರೆ ಕೊಡುವುದು ಕಾಫಿಗಿಂತ ಜಾಸ್ತಿ ಹಾಲು. ಅಮೆರಿಕದ ಹಡಗುಗಳಲ್ಲಿ ಕಾಫಿ ಅಂದರೆ ದೊಡ್ಡ ಕಪ್ಪಿನ ತುಂಬ ತೆಳು ಕಾಫಿ, ಅದಕ್ಕೆ ಒಂದು ಚಮಚದಷ್ಟು ತಣ್ಣನೆ ಹಾಲು ಅಥವಾ ಕ್ರೀಮ್. ನಮ್ಮದು ಅದರ ತಿರುವುಮುರುವು, ಅಲ್ವಾ? ಸ್ವಲ್ಪವೇ ಗಟ್ಟಿ ಡಿಕಾಕ್ಷನ್, ಜಾಸ್ತಿ ಬಿಸಿ ಹಾಲು. ಹಾಗಾಗಿ ಅವರು ಮಾಡಿಟ್ಟ ಕಾಫಿಯನ್ನು ಸರಿಮಾಡಲು ಹೋಗಬೇಡಿ. ಡಿಕಾಕ್ಷನ್ ಬೇರೆ, ಬಿಸಿ ಹಾಲು ಬೇರೆ ಸಂಪಾದಿಸಿ, ನೀವೇ ಬೆರೆಸಿ.

ಡಿಕಾಕ್ಷನ್‌ಗೆ ಮನೆಯ ಸ್ಟೀಲ್ ಫಿಲ್ಟರ್ ಒಯ್ಯಿರಿ, ಎರಡು ಲೋಟದ್ದು ಸಾಕು. ಅದರಲ್ಲಿ ಕಾಯಿಲ್ ಇಲ್ಲ, ವೈರ್ ಇಲ್ಲ. ಹಡಗು ಹತ್ತುವಾಗ ನಮ್ಮ ಬ್ಯಾಗ್ ಬಿಚ್ಚಿ, ಫಿಲ್ಟರ್‌ನ ಎರಡೂ ಪಾತ್ರೆ ಬೇರೆ ಮಾಡಿ, ಒಳಗೆ ಇಣುಕಿ ನೋಡಿ ನಗುತ್ತ ವಾಪಸ್ ಕೊಟ್ಟರು. ಕೆಟಲ್, ನೀರು ಕಾಯಿಸುವ ಕಾಯಿಲ್, ಕಾಫಿ ಮೇಕರ್ ಯಾವುದನ್ನೂ ಬಿಡುವುದಿಲ್ಲ.

ಈಗ ಮುಖ್ಯ ವಿಷಯ. ಡಿಕಾಕ್ಷನ್ ಬೆಳಗ್ಗೆ ಹಾಕಬೇಡಿ, ಹಿಂದಿನ ರಾತ್ರಿಯೇ ಹಾಕಿ. ಊಟ ಮುಗಿಸಿ ಬರುವಾಗ ಬಫೆಯಲ್ಲಿ ಟೀಗೆ ಇಟ್ಟಿರುವ ಬಿಸಿನೀರು ಹಿಡಿದುಕೊಂಡು ರೂಮಿಗೆ ಬನ್ನಿ. ಅದು ಮನೆಯ ಒಲೆಯ ಮೇಲಿನ ಹಾಗೆ ಕುದಿಯುವ ನೀರಲ್ಲ, ದಾರಿಯಲ್ಲಿ ಇನ್ನೂ ಸ್ವಲ್ಪ ಆರುತ್ತದೆ. ಅದಕ್ಕೆ ಮೂರು ಉಪಾಯ ಮಾಡಿದೆ. ಮೊದಲು ಬರೀ ಫಿಲ್ಟರ್‌ಗೆ ಒಂದಿಷ್ಟು ಬಿಸಿನೀರು ಹಾಕಿ, ಅಲ್ಲಾಡಿಸಿ ಚೆಲ್ಲಿದೆ, ಪಾತ್ರೆ ಬೆಚ್ಚಗಾಯಿತು. ಪುಡಿಯನ್ನು ಮನೆಗಿಂತ ಒಂದು ಚಮಚ ಜಾಸ್ತಿ ಹಾಕಿ, ಮೆತ್ತಗೆ ಒತ್ತಿದೆ. ಆಮೇಲೆ ಪುಡಿ ನೆನೆಯುವಷ್ಟೇ ನೀರು ಹಾಕಿ, ಒಂದು ನಿಮಿಷ ಬಿಟ್ಟು, ಉಳಿದದ್ದನ್ನು ಸುರಿದೆ. ಮುಚ್ಚಳ ಹಾಕಿ ಬಾತ್‌ರೂಮಿನ ಬೇಸಿನ್ ಒಳಗೆ ಒಂದು ಕೈ ಟವೆಲ್ ಹಾಸಿ ಅದರ ಮೇಲೆ ಇಟ್ಟೆ. ಮೇಜಿನ ಮೇಲೆ ಇಡಲೇಬೇಡಿ. ಮೊದಲ ರಾತ್ರಿ ಹಡಗು ವಾಲಿದಾಗ ನಮ್ಮ ಫಿಲ್ಟರ್ ಮಗುಚಿ, ಅಪ್ಪನ ಬಿಳಿ ಅಂಗಿ ಹಾಳಾಯಿತು.

ಬೆಳಗ್ಗೆ ಎದ್ದರೆ ಕೆಳಗಿನ ಪಾತ್ರೆಯಲ್ಲಿ ಕಪ್ಪಗೆ, ಹೊಳೆಯುವ ಡಿಕಾಕ್ಷನ್ ಇಳಿದಿರುತ್ತದೆ. ಮುಚ್ಚಳ ತೆಗೆದರೆ ರೂಮಿಗೆ ರೂಮೇ ಘಮ್ ಅನ್ನುತ್ತದೆ. ಅಮ್ಮ ಮಂಚದಿಂದಲೇ “ಏನೋ, ಕಾಫಿ ವಾಸನೆ” ಅಂದರು. ಆ ಬೆಳಗ್ಗೆಯನ್ನು ನಾನು ಮರೆಯುವುದಿಲ್ಲ.

ಇನ್ನು ಹಾಲು. ನಾವು ಹೋದ ಹಡಗಿನಲ್ಲಿ ರಾತ್ರಿ ಬಾಗಿಲ ಹಿಡಿಗೆ ಒಂದು ಚೀಟಿ ನೇತುಹಾಕಿದರೆ ಬೆಳಗಿನ ತಿಂಡಿ ರೂಮಿಗೇ ಬರುತ್ತಿತ್ತು. ಆದರೆ ಆರೂವರೆಗಿಂತ ಮುಂಚೆ ಇಲ್ಲ. ಅದಕ್ಕಿಂತ ಮುಂಚೆ ಬೇಕಾದಾಗ ಫೋನ್ ಮಾಡಿ, ಒಂದು ಜಗ್ ಬಿಸಿ ಹಾಲು, ಒಂದು ಪಾಟ್ ಬಿಸಿನೀರು ಕೇಳುತ್ತಿದ್ದೆ. ಹಾಲು ಅಂತ ಬರೀ ಹೇಳಿದರೆ ತಣ್ಣಗಿನದೇ ಬರುತ್ತದೆ. ಬಿಸಿ ಹಾಲು, ಕೆನೆ ತೆಗೆಯದ ಹಾಲು ಅಂತ ಬಿಡಿಸಿ ಹೇಳಿ. ಬಂದ ಬಿಸಿನೀರನ್ನು ಒಂದು ಅಗಲದ ಕಪ್ಪಿಗೆ ಹಾಕಿ, ಡಿಕಾಕ್ಷನ್ ಇರುವ ಲೋಟವನ್ನು ಅದರೊಳಗೆ ಐದು ನಿಮಿಷ ಕೂರಿಸಿ. ತಣ್ಣಗಿನ ಡಿಕಾಕ್ಷನ್ ಹಾಕಿದರೆ ಎಷ್ಟು ಬಿಸಿ ಹಾಲಾದರೂ ಕಾಫಿ ಉಗುರುಬೆಚ್ಚಗಾಗುತ್ತದೆ. ಹಿಂದಿನ ರಾತ್ರಿಯೇ ಹಾಲನ್ನು ಫ್ಲಾಸ್ಕಿಗೆ ತುಂಬಿಡುವ ಯೋಚನೆ ಬೇಡ, ಒಡೆದುಹೋಗುತ್ತದೆ.

ಪುಡಿ ಬಗ್ಗೆ: ಮನೆಯಲ್ಲಿ 80:20 (ಕಾಫಿ 80, ಚಿಕೋರಿ 20) ಕುಡಿಯುವವರಾದರೆ ಹಡಗಿಗೆ 70:30 ಒಯ್ಯಿರಿ. ನೀರು ಅಷ್ಟು ಬಿಸಿ ಇಲ್ಲದಾಗ ಚಿಕೋರಿ ಇದ್ದರೆ ಡಿಕಾಕ್ಷನ್‌ಗೆ ಒಂದು ಗಟ್ಟಿತನ ಬರುತ್ತದೆ. ಮೂರು ಜನ, ಎರಡು ಹೊತ್ತು, ಏಳು ದಿನ ಅಂದರೆ ಅರ್ಧ ಕೆಜಿ ಸಾಕು. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ದೊಡ್ಡ ಸೂಟ್‌ಕೇಸಿಗೆ ಹಾಕಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿ ಡಬ್ಬಿಗಿಂತ ಜಾಸ್ತಿ ಪುಡಿ ಕೈಯಲ್ಲಿದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ. ಇಳಿದ ಮೇಲೆ ಕಸ್ಟಮ್ಸ್‌ನಲ್ಲಿ ಹುರಿದ ಕಾಫಿ ಪುಡಿ ಇದೆ ಅಂತ ಹೇಳಿಬಿಡಿ, ತೊಂದರೆ ಇಲ್ಲ. ಮರೆತರೂ ಸಿಯಾಟಲ್ ಕಡೆಯ ಇಂಡಿಯನ್ ಅಂಗಡಿಗಳಲ್ಲಿ ಕೊಥಾಸ್ ಸಿಗುತ್ತದೆ. ಆದರೆ ಮೈಸೂರಿನಲ್ಲಿ ಕಣ್ಣೆದುರಿಗೇ ಬೀಸಿ ಕೊಟ್ಟ ಪುಡಿಯ ರುಚಿಯೇ ಬೇರೆ.

ಮಧ್ಯಾಹ್ನದ ಕಾಫಿಗೆ ಇಷ್ಟೆಲ್ಲ ಕಷ್ಟ ಬೇಡ. ಹಡಗಿನ ಕೆಫೆಗೆ ಹೋಗಿ ಡಬಲ್ ಎಸ್ಪ್ರೆಸ್ಸೊ (ಹಾಲಿಲ್ಲದ ತುಂಬಾ ಗಟ್ಟಿ ಕಾಫಿ) ಒಂದು, ಪಕ್ಕದಲ್ಲಿ ಸಣ್ಣ ಜಗ್ಗಿನಲ್ಲಿ ನೊರೆ ಇಲ್ಲದ ಬಿಸಿ ಹಾಲು ಅಂತ ಕೇಳಿ. ಸಕ್ಕರೆ ಹಾಕಿ ಬೆರೆಸಿದರೆ ನಮ್ಮ ಸ್ಟ್ರಾಂಗ್ ಕಾಫಿಗೆ ತುಂಬಾ ಹತ್ತಿರ. ಲಾಟೆ ತಗೊಂಡರೆ ಹಾಲೇ ಹಾಲು. ಕೆಫೆಯದ್ದಕ್ಕೆ ಬೇರೆ ದುಡ್ಡು, ಅದರ ಮೇಲೆ ಟಿಪ್ಸ್ ಅಂತ 18ರಿಂದ 20 ಶೇಕಡಾ ಸೇರುತ್ತದೆ. ಮಗಳು ಡ್ರಿಂಕ್ಸ್ ಪ್ಯಾಕೇಜ್ ತಗೊಂಡಿದ್ದರೆ ಅದರಲ್ಲಿ ಕೆಫೆ ಕಾಫಿ ಸೇರಿದೆಯಾ ಅಂತ ಈಗಲೇ ನೋಡಲಿ.

ಕುಂದಾಪುರದಿಂದ

ನಾನು ಕ್ರೂಸ್ ಹಡಗುಗಳ ಊಟದ ವಿಭಾಗದಲ್ಲಿ 11 ವರ್ಷ ದುಡಿದವನು. ಮೇಲೆ ಹೇಳಿದ್ದು ಸರಿ ಇದೆ. ಒಳಗಿನ ಕೆಲವು ವಿಷಯ ಸೇರಿಸುತ್ತೇನೆ.

ಬಫೆಯ ಕಾಫಿ ತೆಳು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ಎರಡು ಮೂರು ಸಾವಿರ ಜನ ಕಪ್ ಹಿಡಿದು ಬರುತ್ತಾರೆ. ಬೀಜ ಬೀಸಿ, ಇಳಿಸಿ ಕೊಡುವುದು ಆಗದ ಮಾತು. ಎಷ್ಟೋ ಹಡಗುಗಳಲ್ಲಿ ಮಷೀನಿನೊಳಗೆ ಗಟ್ಟಿ ಕಾಫಿ ದ್ರವದ ಚೀಲ ಇರುತ್ತದೆ. ಬಟನ್ ಒತ್ತಿದಾಗ ಅದು ಬಿಸಿನೀರಿನ ಜೊತೆ ಬೆರೆತು ಬರುತ್ತದೆ. ಕುಳಿತು ತಿನ್ನುವ ಡೈನಿಂಗ್ ಹಾಲ್‌ಗೆ ಹೋಗಿ, ಹೊಸದಾಗಿ ಇಳಿಸಿದ ಕಾಫಿ ಇದೆಯಾ ಅಂತ ವೇಟರ್‌ನ ಕೇಳಿ. ಎಷ್ಟೋ ಸಲ ತಂದುಕೊಡುತ್ತಾರೆ.

ನೀರಿನ ರುಚಿಯೂ ಬೇರೆ. ಹಡಗಿನಲ್ಲಿ ಸಮುದ್ರದ ನೀರಿನಿಂದಲೇ ಉಪ್ಪು ತೆಗೆದು ಸಿಹಿನೀರು ಮಾಡುತ್ತಾರೆ, ಬಂದರಿನಲ್ಲೂ ತುಂಬಿಸಿಕೊಳ್ಳುತ್ತಾರೆ. ಅದಕ್ಕೆ ಖನಿಜ ಸೇರಿಸಿ, ಕ್ಲೋರಿನ್ ಹಾಕುತ್ತಾರೆ. ಕುಡಿಯಲು ಏನೂ ಭಯವಿಲ್ಲ. ಆದರೆ ಕಾವೇರಿ ನೀರು ಕುಡಿದ ನಾಲಿಗೆಗೆ ಮೊದಲ ದಿನ ವ್ಯತ್ಯಾಸ ಗೊತ್ತಾಗುತ್ತದೆ.

ಮೂರು ಮಾತು ದಯವಿಟ್ಟು ನೆನಪಿಡಿ. ಫ್ಲಾಸ್ಕನ್ನು ಸೀದಾ ಬಿಸಿನೀರಿನ ನಲ್ಲಿಗೆ ಹಿಡಿಯಬೇಡಿ. ಬಾಟಲಿಯ ಬಾಯಿ ನಲ್ಲಿಗೆ ತಾಗಿದರೆ ಹೊಟ್ಟೆಯ ಸೋಂಕು ಹರಡುತ್ತದೆ. ನೊರೊವೈರಸ್ ಅಂದರೆ ಹಡಗಿನವರು ನಡುಗುತ್ತಾರೆ, ಒಬ್ಬರಿಂದ ನೂರಾರು ಜನರಿಗೆ ಬರುತ್ತದೆ. ಶುಚಿಯಾದ ಕಪ್ಪಿನಲ್ಲಿ ಹಿಡಿದು ಫ್ಲಾಸ್ಕಿಗೆ ಹಾಕಿಕೊಳ್ಳಿ.

ಎರಡನೆಯದು, ಕಾಫಿ ಚರಟ. ಬೇಸಿನ್‌ಗೂ ಹಾಕಬೇಡಿ, ಕಮೋಡಿಗೂ ಹಾಕಬೇಡಿ. ಹಡಗಿನ ಕಮೋಡು ಗಾಳಿಯಲ್ಲಿ ಎಳೆದುಕೊಳ್ಳುವಂಥದ್ದು, ಸಣ್ಣ ಪೈಪು. ಒಂದು ಕಡೆ ಕಟ್ಟಿಕೊಂಡರೆ ಆ ಸಾಲಿನ ರೂಮುಗಳಿಗೆಲ್ಲ ತೊಂದರೆ, ಅದನ್ನು ಬಿಡಿಸುವವನು ರಾತ್ರಿಯೆಲ್ಲ ನಿದ್ದೆಗೆಡಬೇಕು. ಚರಟವನ್ನು ಟಿಶ್ಯೂನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ.

ಕೊನೆಯದು, ನಿಮ್ಮ ಪುಡಿ ಕೊಟ್ಟು “ಇದರಲ್ಲಿ ಮಾಡಿಕೊಡಿ” ಅಂತ ಅಡುಗೆಮನೆಗೆ ಕೇಳಬೇಡಿ. ಹೊರಗಿನ ಪದಾರ್ಥ ಒಳಗೆ ಬಿಡುವ ಹಾಗಿಲ್ಲ. ಹುಡುಗರಿಗೆ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ, ಹೂಂ ಅಂದರೆ ಕೆಲಸಕ್ಕೇ ಕುತ್ತು. ಬಿಸಿ ಹಾಲು, ಬಿಸಿನೀರು ಎಷ್ಟು ಬೇಕಾದರೂ ಕೇಳಿ, ಖುಷಿಯಿಂದ ಕೊಡುತ್ತಾರೆ.

ಕೆಟಲ್ ಬಚ್ಚಿಟ್ಟು ಒಯ್ಯುವವರೂ ಇದ್ದಾರೆ. ಅದು ಬೇಡವೇ ಬೇಡ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಹೊರಗಿನಿಂದ ಯಾರೂ ಬರುವುದಿಲ್ಲ, ನಾವೇ ಆರಿಸಬೇಕು. ಕೆಲವು ಬ್ರಿಟಿಷ್ ಹಡಗುಗಳಲ್ಲಿ, ಉದಾಹರಣೆಗೆ ಕ್ಯೂನಾರ್ಡ್, ಪಿ ಅಂಡ್ ಓ, ರೂಮಿನಲ್ಲೇ ಅವರದ್ದೇ ಕೆಟಲ್ ಇರುತ್ತದೆ. ಅದು ಬೇರೆ ಮಾತು.

ಅಂದ ಹಾಗೆ, ಹತ್ತಿದ ದಿನವೇ ವೇಟರ್‌ಗಳ ಎದೆಯ ಮೇಲಿನ ಬಿಲ್ಲೆ ನೋಡಿ. ಹೆಸರಿನ ಕೆಳಗೆ ದೇಶ ಬರೆದಿರುತ್ತದೆ. ಇಂಡಿಯಾ ಅಂತಿದ್ದರೆ ಯಾವ ಊರು ಅಂತ ಕೇಳಿ. ಗೋವಾ, ಮಂಗಳೂರು, ಉಡುಪಿ ಕಡೆಯವರು ತುಂಬಾ ಜನ ಇದ್ದಾರೆ. ಆರೇಳು ತಿಂಗಳು ಮನೆ ಬಿಟ್ಟು ಇರುವ ಹುಡುಗರು. ನಿಮ್ಮ ಅತ್ತೆಯವರು ಕನ್ನಡದಲ್ಲಿ “ಊಟ ಆಯ್ತಾ ಮಗಾ” ಅಂತ ಒಂದು ಮಾತು ಕೇಳಿದರೆ ಮರುದಿನದಿಂದ ಅವರ ಮೇಜಿಗೆ ಬಿಸಿ ಹಾಲು ಕೇಳದೆಯೇ ಬರುತ್ತದೆ. ನನಗೂ ಒಬ್ಬ ಅಜ್ಜಿ ಹಾಗೆ ಕೇಳಿದ್ದರು. ಆ ವಾರವಿಡೀ ಅವರ ಹಾಲು ನಾನೇ ಒಯ್ದುಕೊಟ್ಟೆ.

ಮಂಗಳೂರಿನಿಂದ

ನಾವು ಹೋಗಿದ್ದು ಮೆಡಿಟರೇನಿಯನ್ ಕಡೆ. ಅಲ್ಲಿನ ಅನುಭವ ಬೇರೆ, ಮುಂದೆ ಯಾರಿಗಾದರೂ ಬೇಕಾಗಬಹುದು. ಹಡಗಿನ ಬಾರ್ ಕೌಂಟರಿನಲ್ಲಿ ಎಸ್ಪ್ರೆಸ್ಸೊ ಚೆನ್ನಾಗಿತ್ತು. ಬಂದರಿಗೆ ಇಳಿದಾಗ ಇನ್ನೂ ಚೆನ್ನಾಗಿತ್ತು. ನೇಪಲ್ಸ್‌ನಲ್ಲಿ ನಮ್ಮ ದರ್ಶಿನಿ ಥರವೇ ನಿಂತುಕೊಂಡು ಕುಡಿಯುತ್ತಾರೆ. ಕೂತರೆ ರೇಟು ಜಾಸ್ತಿ. ಇಟಲಿಯಲ್ಲಿ ಲಾತ್ತೆ ಅಂತ ಮಾತ್ರ ಕೇಳಬೇಡಿ, ಬರೀ ಹಾಲು ತಂದಿಡುತ್ತಾರೆ. ನಮ್ಮವರಿಗೆ ಹಾಗೇ ಆಯಿತು. ಕಫೆ ಮಕಿಯಾತೊ ಅಂದರೆ ಗಟ್ಟಿ ಕಾಫಿಗೆ ಒಂದು ಚೂರು ಹಾಲು.

ಆ ರುಚಿ ನಮಗೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಕೊಡಗು, ಚಿಕ್ಕಮಗಳೂರಿನ ರೊಬಸ್ಟಾ ಜಾತಿಯ ಕಾಫಿ ಅಲ್ಲಿನ ಎಸ್ಪ್ರೆಸ್ಸೊ ಮಿಶ್ರಣಗಳಿಗೆ ಸೇರುತ್ತದೆ. ಮೇಲೆ ನೊರೆ ದಪ್ಪಗೆ ಕೆನೆಯಂತೆ ನಿಲ್ಲುವುದಕ್ಕೆ ಅದು ಬೇಕು. ಇನ್ನೊಂದು ವಿಷಯ ಹೇಳಲೇಬೇಕು. ಹಿಂದೆ ಹಾಯಿಹಡಗಿನ ಕಾಲದಲ್ಲಿ ನಮ್ಮ ಕರಾವಳಿಯಿಂದ ಯುರೋಪಿಗೆ ಹೋಗುವ ಕಾಫಿ ಬೀಜ ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದು ಊದಿಕೊಂಡು, ಬಣ್ಣ ತಿರುಗಿ, ಹುಳಿ ಕಡಿಮೆಯಾಗುತ್ತಿತ್ತು. ಅಲ್ಲಿನವರಿಗೆ ಅದೇ ರುಚಿ ಹಿಡಿಸಿತು. ಉಗಿಹಡಗು ಬಂದು ಪ್ರಯಾಣ ಚಿಕ್ಕದಾದಾಗ ಆ ರುಚಿ ತಪ್ಪಿತು. ಅದನ್ನು ಮರಳಿ ತರಲು ಈಗಲೂ ಮಳೆಗಾಲದಲ್ಲಿ ಮಂಗಳೂರು ಕಡೆಯ ಗೋದಾಮುಗಳಲ್ಲಿ ಬೀಜ ಹರಡಿ ಮುಂಗಾರಿನ ಗಾಳಿಗೆ ಬಿಡುತ್ತಾರೆ. ಮಾನ್ಸೂನ್ಡ್ ಮಲಬಾರ್ ಅನ್ನುವುದು ಅದನ್ನೇ. ಹಡಗಿನ ಕೆಫೆಯಲ್ಲಿ ಆ ಹೆಸರು ಕಂಡರೆ ಬಿಡಬೇಡಿ.

ಬೆಂಗಳೂರಿನಿಂದ

ಸಿಂಗಾಪುರದಿಂದ ಹಡಗು ಹತ್ತುವವರಿಗೆ ಒಂದು ಸಾಲು. ಹತ್ತುವ ಮುಂಚೆ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಕೋಮಲ ವಿಲಾಸ್‌ಗೆ ಹೋಗಿ, 1947ರಿಂದ ಇರುವ ಹೋಟೆಲ್, ಫಿಲ್ಟರ್ ಕಾಫಿ ಸಿಗುತ್ತದೆ. ಅಲ್ಲಿನ ಕೋಪಿ ಬೇಕಾದರೆ ಬರೀ ಕೋಪಿ ಅಂದರೆ ಗಟ್ಟಿ ಸಿಹಿ ಹಾಲು ಹಾಕಿದ್ದು, ಕೋಪಿ ಓ ಅಂದರೆ ಸಕ್ಕರೆ ಹಾಕಿದ ಕಪ್ಪು ಕಾಫಿ. ಸಕ್ಕರೆ ಕಾಯಿಲೆ ಇರುವವರು ಕೋಪಿ ಓ ಕೊಸೊಂಗ್ ಅನ್ನಿ, ಅದು ಸಕ್ಕರೆ ಇಲ್ಲದ ಕಪ್ಪು ಕಾಫಿ.

ಹುಬ್ಬಳ್ಳಿಯಿಂದ

ಮುಂಬೈಯಿಂದ ಗೋವಾಕ್ಕೆ ಎರಡು ರಾತ್ರಿಯ ಹಡಗಿನಲ್ಲಿ ಹೋಗಿದ್ವಿ. ಕಾಫಿಗೆ ಮೊದಲೇ ಸಕ್ಕರೆ ಬೆರೆಸಿ ಇಟ್ಟಿದ್ದರು, ನಮ್ಮ ಮಾವನವರಿಗೆ ಶುಗರ್ ಇದೆ. ಸಕ್ಕರೆ ಇಲ್ಲದ್ದು ಅಂತ ಕೇಳಿದ ಮೇಲೆ ಬೇರೆ ಮಾಡಿಕೊಟ್ಟರು. ಕೇಳುವುದಕ್ಕೆ ಸಂಕೋಚ ಪಡಬೇಡ್ರಿ. ನಾವು ಎರಡು ದಿನಕ್ಕೆ ಫಿಲ್ಟರ್ ಒಯ್ಯಲಿಲ್ಲ, ಇನ್‌ಸ್ಟಂಟ್ ಪ್ಯಾಕೆಟ್‌ಗಳೇ ಸಾಕಾದವು.

ಮೈಸೂರಿನಿಂದ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಅಪ್ಪನವರ ಬಿಳಿ ಅಂಗಿ ವಿಷಯ ಕೇಳಿ ಆಗಲೇ ಒಂದು ಹಳೆ ಟವೆಲ್ ಬ್ಯಾಗಿಗೆ ಹಾಕಿದ್ದಾರೆ. ಕುಂದಾಪುರದ ಅಣ್ಣ, ನೀವು ಹೇಳಿದ ಹುಡುಗರಿಗೆ ಕೊಡೋಣ ಅಂತ ಒಂದು ಡಬ್ಬಿ ಮೈಸೂರು ಪಾಕ್ ಕೂಡ ತರೋಣ ಅಂತಿದ್ದಾರೆ. ಕೊಡಬಹುದಾ? ಇನ್ನೊಂದು ಕೇಳಬೇಕಿತ್ತು. ಲೋಟ ಮತ್ತು ಬಟ್ಟಲು ತರಬೇಕಾ, ಅಲ್ಲಿನ ಕಪ್ ಸಾಕಾ?

ಕುಂದಾಪುರದಿಂದ

ಅಂಗಡಿಯ ಸೀಲ್ ಇರುವ ಡಬ್ಬಿ ಆದರೆ ಧಾರಾಳವಾಗಿ ಕೊಡಿ ಅಕ್ಕ. ಕಣ್ಣಲ್ಲಿ ನೀರು ಬರುತ್ತದೆ ಆ ಹುಡುಗರಿಗೆ.

ಕ್ಯಾಲಿಫೋರ್ನಿಯಾದಿಂದ

ಲೋಟ, ಬಟ್ಟಲು ಎರಡೂ ತನ್ನಿ ಮೇಡಂ. ಅಲ್ಲಿನ ಕಪ್ಪಿನಲ್ಲಿ ಎತ್ತಿ ಹೊಯ್ಯಲು ಆಗುವುದಿಲ್ಲ. ಹಡಗು ಅಲ್ಲಾಡಿದಾಗ ಚೆಲ್ಲಿದ್ದು ಬಟ್ಟಲಿಗೇ ಬೀಳುತ್ತದೆ. ಡೆಕ್‌ಗೆ ಮಾತ್ರ ಮುಚ್ಚಳದ ಲೋಟ ಬೇಕು, ಗಾಳಿ ಜೋರು. ನಿಮ್ಮ ಹಡಗು ‘ಗ್ಲೇಸಿಯರ್ ಬೇ’ ಅನ್ನುವ ಹಿಮನದಿಗಳ ಕೊಲ್ಲಿಗೆ ಹೋಗುವುದಾದರೆ ಆ ದಿನ ಅತ್ತೆಯವರನ್ನು ಬೇಗ ಎಬ್ಬಿಸಿ. ಜುಲೈನಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಬೆಳಕಾಗುತ್ತದೆ. ಕಾಫಿಯನ್ನು ಫ್ಲಾಸ್ಕಿಗೆ ಹಾಕಿ, ಶಾಲು ಹೊದಿಸಿ ಹೊರಗೆ ಕರೆದುಕೊಂಡು ಹೋಗಿ. ನಮ್ಮಮ್ಮ ಮಂಜುಗಡ್ಡೆಯ ಬೆಟ್ಟದ ಎದುರು ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗಂಟೆ ಕೂತಿದ್ದರು, ಎರಡನೇ ಸಲ ಕಾಫಿ ಕೇಳಿದರು.

ಫಿಲ್ಟರ್ ಒಳಗೆ ಪುಡಿಯ ಮೇಲೆ ಇಡುವ ಕಡ್ಡಿಯ ತಟ್ಟೆ ಇರುತ್ತದಲ್ಲ, ಅದನ್ನು ಮನೆಯಲ್ಲೇ ಬಿಟ್ಟು ಬರಬೇಡಿ. ನಾನು ಬಿಟ್ಟು ಹೋಗಿ ಏಳು ದಿನವೂ ಚಮಚದಲ್ಲೇ ಪುಡಿ ಒತ್ತಿದೆ.