ಸ್ಪ್ಯಾನಿಷ್ ಕರ್ಮಣಿ ಪ್ರಯೋಗ: ‘ಸೆರ್’ ಎಲ್ಲಿ, ‘ಸೆ’ ಎಲ್ಲಿ?

ಹೊಸಕಲಿಕೆ:
ಸ್ಪ್ಯಾನಿಷ್ ಭಾಷೆಯ ಡೆಲೆ ಬಿ1 ಪರೀಕ್ಷೆಗೆ ಓದ್ತಾ ಇದೀನಿ. ‘ಲಾಸ್ ಕಾರ್ತಾಸ್ ಫ್ವೆ ಎಸ್ಕ್ರಿತೊ ಪೋರ್ ಆನಾ’ (ಪತ್ರಗಳನ್ನು ಬರೆದದ್ದು ಆನಾ) ತಪ್ಪಂತೆ. ಯಾಕೆ? ‘ನನಗೆ ಪುಸ್ತಕ ಕೊಡಲಾಯಿತು’ ಅನ್ನೋಕೆ ‘ಫುಯಿ ದಾದೊ ಉನ್ ಲಿಬ್ರೊ’ ನಡೆಯುತ್ತಾ? ಬೋರ್ಡುಗಳ ಮೇಲಿರೋ ‘ಸೆ ಬೆಂದೆ’ (ಮಾರಾಟಕ್ಕಿದೆ) ಕೂಡ ಕರ್ಮಣಿನಾ?

ಪದಕಟ್ಟು:
ತಪ್ಪಿರೋದು ಎರಡು ಕಡೆ. ‘ಕಾರ್ತಾಸ್’ ಸ್ತ್ರೀಲಿಂಗ, ಬಹುವಚನ. ಆದ್ದರಿಂದ ‘ಸೆರ್’ (ಇರು) ಕ್ರಿಯಾಪದದ ರೂಪ ‘ಫ್ವೆ’ ಅಲ್ಲ, ‘ಫ್ವೆರೊನ್’ ಆಗಬೇಕು, ಕೃದಂತ ‘ಎಸ್ಕ್ರಿತಾಸ್’ ಆಗಬೇಕು. ‘ಆನಾ ಆ ಎಸ್ಕ್ರಿತೊ’ (ಆನಾ ಬರೆದಿದ್ದಾಳೆ) ಅಂತ ಸಹಾಯಕ ಕ್ರಿಯಾಪದ ‘ಆಬೆರ್’ ಜೊತೆ ಬಂದಾಗ ಕೃದಂತ ಬದಲಾಗಲ್ಲ. ಆ ರೂಢಿಯಲ್ಲೇ ಇಲ್ಲೂ ‘ಎಸ್ಕ್ರಿತೊ’ ಅಂತ ಬಂದುಬಿಡುತ್ತೆ. ಅಬ್ರಿರ್‌ಗೆ ಅಬಿಯೆರ್ತೊ, ರೊಂಪೆರ್‌ಗೆ ರೊತೊ, ಅಸೆರ್‌ಗೆ ಎಚೊ: ಇಂಥ ಅನಿಯಮಿತ ಕೃದಂತಗಳನ್ನು ಬಾಯಿಪಾಠ ಮಾಡಲೇಬೇಕು.

‘ಲಾ ಪ್ವೆರ್ತಾ ಫ್ವೆ ಸೆರ್ರಾದಾ’ ಅಂದ್ರೆ ಯಾರೋ ಬಾಗಿಲು ಹಾಕಿದರು. ‘ಸೆರ್’ ಬದಲು ‘ಎಸ್ತಾರ್’ ಬಂದು ‘ಎಸ್ತಾ ಸೆರ್ರಾದಾ’ ಆದ್ರೆ ಬಾಗಿಲು ಹಾಕಿದೆ, ಅಷ್ಟೇ.

‘ಫುಯಿ ದಾದೊ’ ಬೇಡವೇ ಬೇಡ. ಸ್ಪ್ಯಾನಿಷ್‌ನಲ್ಲಿ ನೇರ ಕರ್ಮ ಮಾತ್ರ ಕರ್ತೃವಿನ ಜಾಗಕ್ಕೆ ಬರಬಹುದು; ‘ನನಗೆ’ ಬರುವಂತಿಲ್ಲ. ‘ಮೆ ದಿಯೆರೊನ್ ಉನ್ ಲಿಬ್ರೊ’ ಅನ್ನಿ. ಕನ್ನಡದ ‘ನನಗೊಂದು ಪುಸ್ತಕ ಕೊಟ್ಟರು’ ಇದ್ದ ಹಾಗೇ, ಯಾರು ಅಂತ ಹೇಳದ ಬಹುವಚನ.

ಸಾಲುಮರ:
‘ಸೆರ್’ ರೂಪ ಸುದ್ದಿ, ಇತಿಹಾಸ, ಕಾನೂನು ಬರಹಕ್ಕೆ ಸರಿ. ಮಾತಿನಲ್ಲಿ ತೀರಾ ಕಡಿಮೆ. ದಿನಬಳಕೆಯ ಕೆಲಸ ಮಾಡೋದು ‘ಸೆ’. ಹೌದು, ಅದೂ ಕರ್ಮಣಿಯೇ. ಒಂದು ಫ್ಲ್ಯಾಟ್ ಇದ್ದರೆ ‘ಸೆ ಬೆಂದೆ ಪಿಸೊ’, ಹಲವು ಇದ್ದರೆ ‘ಸೆ ಬೆಂದೆನ್ ಪಿಸೊಸ್’. ಇದರ ಜೊತೆ ‘ಪೋರ್ ಆನಾ’ ಸೇರಿಸಬೇಡಿ.

ಎಡವೋದು ವ್ಯಕ್ತಿಗಳು ಬಂದಾಗ. ಇಂಥವರೇ ಅಂತ ಗೊತ್ತಿರೋ ಸಾಕ್ಷಿಗಳಾದರೆ ಆ ಪದಕ್ಕೆ ಮೊದಲು ‘ಆ’ ಅನ್ನೋ ಚಿಕ್ಕ ಪದ ಬರುತ್ತೆ, ಕ್ರಿಯಾಪದ ಏಕವಚನದಲ್ಲೇ ಉಳಿಯುತ್ತೆ: ‘ಸೆ ಬುಸ್ಕಾ ಆ ಲೊಸ್ ತೆಸ್ತಿಗೊಸ್’. ನಮ್ಮ ‘ಸಾಕ್ಷಿಗಳನ್ನು ಹುಡುಕಲಾಗುತ್ತಿದೆ’ ನೋಡಿ: ‘ಅನ್ನು’ ಉಳಿದಿದೆ, ಕ್ರಿಯಾಪದ ಏಕವಚನ. ರಚನೆ ಹೆಚ್ಚುಕಡಿಮೆ ಅದೇ. ಯಾರಾದರೂ ಸರಿ, ಸಾಕ್ಷಿಗಳು ಬೇಕಾಗಿದ್ದಾರೆ ಅನ್ನೋಕೆ ಮಾತ್ರ ‘ಸೆ ಬುಸ್ಕಾನ್ ತೆಸ್ತಿಗೊಸ್’, ‘ಆ’ ಇಲ್ಲ.

ಹೊಸಕಲಿಕೆ:
ಮಾತಾಡುವಾಗ ಪತ್ರಗಳೂ ಮೊದಲು ಬರಬೇಕು, ಆನಾ ಹೆಸರೂ ಬೇಕು ಅಂದ್ರೆ?

ಪದಕಟ್ಟು:
‘ಲಾಸ್ ಕಾರ್ತಾಸ್ ಲಾಸ್ ಎಸ್ಕ್ರಿಬಿಯೊ ಆನಾ.’ ಕರ್ತರಿ ವಾಕ್ಯವೇ, ಕರ್ಮ ಮುಂದೆ ಬಂದಿದೆ. ಎರಡನೇ ‘ಲಾಸ್’ ‘ಅವನ್ನು’ ಅನ್ನೋ ಸರ್ವನಾಮ. ಅದನ್ನು ಬಿಟ್ಟರೆ ವಾಕ್ಯ ಕೆಡುತ್ತೆ.